ಹೊರುವ ದಾರ, ಸುತ್ತುವ ದಾರ

ಮ್ಯಾಕ್ರಮೆ, ಅಂದರೆ ದಾರಕ್ಕೆ ಗಂಟು ಹಾಕಿ ಅಲಂಕಾರದ ವಸ್ತು ಮಾಡುವ ಕೆಲಸ, ಕಲಿಯಲು ಬರುವವರು ಮೊದಲ ದಿನವೇ ಕೇಳುವುದು ಡಿಸೈನ್. ನಾನು ಅವರ ಕೈಗೆ ಮೊದಲು ಕೊಡುವುದು ಅಳತೆ ಟೇಪು. ಹೂಕುಂಡದ ಹ್ಯಾಂಗರ್ ಅರ್ಧಕ್ಕೆ ನಿಂತುಹೋಗಲು ಹೆಚ್ಚಿನ ಸಲ ಕಾರಣ ಒಂದೇ, ದಾರ ಸಾಲಲಿಲ್ಲ.

ಹೋದ ತಿಂಗಳು ಒಬ್ಬರು ಅಂಥದ್ದೇ ಒಂದನ್ನು ತಂದಿದ್ದರು. ಕುಂಡವನ್ನು ಹಿಡಿದು ತೂಗುವ ನಾಲ್ಕು ಎಳೆಯೂ, ಒಂದೊಂದರಲ್ಲಿ ನಾಲ್ಕು ದಾರ, ಅಚ್ಚುಕಟ್ಟಾಗಿ ಬಂದಿತ್ತು. ಆದರೆ ಪ್ರತಿ ಎಳೆಯಲ್ಲೂ ಎರಡು ದಾರ ಗೇಣುದ್ದಕ್ಕೆ ಮುಗಿದಿದ್ದವು, ಇನ್ನೆರಡು ಮಾರುದ್ದ ನೇತಾಡುತ್ತಿದ್ದವು. ಎಲ್ಲ ದಾರವನ್ನೂ ಒಂದೇ ಅಳತೆಗೆ ಕತ್ತರಿಸಿ, ಸರಿಯಾಗಿ ಅರ್ಧಕ್ಕೆ ಮಡಚಿ ಮೇಲಿನ ತೂಗು ಬಳೆಗೆ ಸಿಕ್ಕಿಸಿದ್ದರು. ಮುಗಿದ ದಾರಕ್ಕೆ ಆಮೇಲೆ ಬೇರೆ ದಾರ ಜೋಡಿಸಿದರೆ ಅಲ್ಲೊಂದು ಕಗ್ಗಂಟು ಕಾಣುತ್ತದೆ. ಪಾಪ, ಬಿಚ್ಚಿ ಮತ್ತೆ ಶುರು ಮಾಡಿದರು.

ಚೌಕ ಗಂಟನ್ನು ಹತ್ತಿರದಿಂದ ನೋಡಿ. ನಾಲ್ಕು ದಾರದಲ್ಲಿ ನಡುವಿನ ಎರಡು ಸುಮ್ನೆ ನೆಟ್ಟಗೆ ಇಳಿಯುತ್ತವೆ. ಕುಂಡದ ಭಾರ ಹೊರುವುದು ಅವೇ. ಅಕ್ಕಪಕ್ಕದ ಎರಡು ಅವನ್ನು ಸುತ್ತುತ್ತಾ ಹೋಗುತ್ತವೆ, ಉದ್ದವನ್ನೆಲ್ಲ ತಿನ್ನುವುದು ಇವು. ಒತ್ತಾಗಿ ಗಂಟು ಹಾಕುತ್ತಾ ಹೋದರೆ ಸುತ್ತುವ ದಾರ ಎಳೆಯ ಉದ್ದದ 4ರಿಂದ 5 ಪಟ್ಟು ಬೇಕು. ಹೊರುವ ದಾರಕ್ಕೆ ಎಳೆಯಷ್ಟೇ ಉದ್ದ ಸಾಕು, ಜೊತೆಗೆ ಕುಂಡ ಕೂರುವ ಕೆಳಗಿನ ಬುಟ್ಟಿಗೂ ಕುಚ್ಚಿಗೂ ಒಂದಿಷ್ಟು.

ಹಾಗಾಗಿ 1 ಮೀಟರ್ ಹ್ಯಾಂಗರ್‌ಗೆ 6 ಮೀಟರಿನ 8 ದಾರ ಕತ್ತರಿಸಿ, ಬಳೆಗೆ ಹಾಕುವಾಗ ಒಂದು ಬದಿ 1.5 ಮೀಟರ್, ಇನ್ನೊಂದು ಬದಿ 4.5 ಮೀಟರ್ ಬಿಡಿ. ಒಟ್ಟು 48 ಮೀಟರ್ ಆಯಿತು. ಎರಡು ಬದಿಯೂ 4.5 ಇಟ್ಟಿದ್ದರೆ 72 ಮೀಟರ್ ಬೇಕಿತ್ತು. ದಾರ ಮಡಚುವ ರೀತಿಯೊಂದರಲ್ಲೇ 24 ಮೀಟರ್ ಉಳಿಯಿತು, ಅಲ್ವಾ? ದಾರ ದಪ್ಪ ಇದ್ದರೆ, ಕೈ ಬಿಗಿ ಜಾಸ್ತಿ ಇದ್ದರೆ ಲೆಕ್ಕ ಬದಲಾಗುತ್ತದೆ. ಅದಕ್ಕೇ ಮೊದಲು 10 ಸೆಂಟಿಮೀಟರ್ ಕಟ್ಟಿ, ಬಿಚ್ಚಿ, ಎಷ್ಟು ದಾರ ತಿಂದಿದೆ ಅಂತ ಅಳೆಯಿರಿ. ನಿಮ್ಮ ಕೈಯ ಲೆಕ್ಕವೇ ನಿಮಗೆ ಸರಿ.

ಇನ್ನೊಂದು ತೊಂದರೆ, ಗಂಟಿನ ಸಾಲು ತಾನಾಗಿ ತಿರುಚಿಕೊಳ್ಳುವುದು. ಪ್ರತಿ ಸಲವೂ ಎಡಗಡೆಯ ದಾರವನ್ನೇ ಮುಂದೆ ತಂದರೆ ಎಳೆ ಸುರುಳಿಯಾಗುತ್ತದೆ. ಸುರುಳಿ ಬೇಕೆಂದೇ ಹಾಕಿದರೆ ಚೆಂದ. ಚಪ್ಪಟೆ ಬರಬೇಕಾದರೆ ಒಮ್ಮೆ ಎಡ, ಒಮ್ಮೆ ಬಲ. ನಡುವೆ ಫೋನ್ ಬಂದು ಮರೆತರೆ? ಶುರುವಿನಲ್ಲೇ ಸುತ್ತುವ ಒಂದು ದಾರದ ತುದಿಗೆ ಟೇಪ್ ಅಂಟಿಸಿಡಿ. ಆ ದಾರ ಎಡಕ್ಕಿರಲಿ, ಬಲಕ್ಕಿರಲಿ, ನಡುವಿನ ದಾರಗಳ ಮುಂದೆಯೇ ಹಾಯಬೇಕು. ಅದರ ಜೊತೆಯದು ಯಾವಾಗಲೂ ಹಿಂದೆ. ಇದೊಂದು ಹಿಡಿದುಕೊಂಡರೆ ತಪ್ಪುವುದಿಲ್ಲ.

ಇದು ನಮಗೆ ಹೊಸ ಕೆಲಸವೂ ಅಲ್ಲ. ಬೆಕ್ಕಿಗೆ ಎಟುಕದಂತೆ ಬೆಣ್ಣೆ ಗಡಿಗೆ ತೂಗಿಡುತ್ತಿದ್ದ ನೆಲುವು ಏನು ಮತ್ತೆ? ಮ್ಯಾಕ್ರಮೆ ಎಂಬ ಹೆಸರು ಅರಬ್ಬಿ ಮಾತಿನಿಂದ ಬಂದದ್ದು ಎನ್ನುತ್ತಾರೆ. ಅಲ್ಲಿನ ನೇಕಾರರು ಮಗ್ಗದಿಂದ ಇಳಿಸಿದ ಬಟ್ಟೆಯ ಅಂಚಿನಲ್ಲಿ ಉಳಿದ ಹಾಸಿನ ನೂಲನ್ನು ಗಂಟು ಹಾಕಿ ಅಂದ ಮಾಡುತ್ತಿದ್ದರು. ನಮ್ಮ ಹೆಣ್ಣುಮಕ್ಕಳು ರೇಷ್ಮೆ ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದೂ ಅದೇ ಕೆಲಸ. ಕುಚ್ಚು ಕಟ್ಟಿ ಪಳಗಿದ ಕೈಗೆ ಮ್ಯಾಕ್ರಮೆ ಬಹಳ ಬೇಗ ಒಲಿಯುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಬಿಗಿ ಎಷ್ಟಿರಬೇಕೆಂದು ಆ ಬೆರಳಿಗೆ ಮೊದಲೇ ಗೊತ್ತು.

ದಾರದ ಬಗ್ಗೆ ಒಂದು ಮಾತು. ಹುರಿ ಕಡಿಮೆ ಇರುವ ಒಂಟಿ ಎಳೆಯ ಹತ್ತಿ ದಾರ ಬಾಚಿದರೆ ನಯವಾದ ಕುಚ್ಚಾಗುತ್ತದೆ, ಗೋಡೆ ಅಲಂಕಾರಕ್ಕೆ ಅದು ಸರಿ. ಆದರೆ ಬಿಚ್ಚಿ ಕಟ್ಟಿದರೆ ಬೇಗ ನಾರು ಏಳುತ್ತದೆ, ಕಲಿಯುವವರಿಗೆ ಬೇಡ. ಮೂರು ಎಳೆ ಹೊಸೆದ 3 ಅಥವಾ 4 ಮಿಲಿಮೀಟರ್ ದಾರ ತೆಗೆದುಕೊಳ್ಳಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಹತ್ತಿಯದನ್ನು ಹೊರಗೆ ತೂಗಬೇಡಿ. ಬೂಸ್ಟು ಹಿಡಿದು, ಒಳಗಿಂದೊಳಗೇ ಕೊಳೆತು, ಒಂದು ದಿನ ಕುಂಡ ಕೆಳಗಿರುತ್ತದೆ. ಅಲ್ಲಿಗೆ ನೈಲಾನ್ ದಾರ ಒಳ್ಳೆಯದು. ಅದರ ತುದಿಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಕರಗಿಸಿದರೆ ಬಿಚ್ಚಿಕೊಳ್ಳುವುದಿಲ್ಲ.

ಕಟ್ಟಿ ಮುಗಿದ ಮೇಲೆ ಕೂಡಲೇ ಗಿಡ ಇಡಬೇಡಿ. ನೀರು ಹಾಕಿದ ಕುಂಡದಷ್ಟೇ ತೂಕದ ಬಕೆಟ್ಟನ್ನು ಒಂದು ರಾತ್ರಿ ತೂಗುಬಿಡಿ. ಹತ್ತಿ ದಾರ ಹಿಗ್ಗಿ ಸ್ವಲ್ಪ ಕೆಳಗೆ ಇಳಿಯುತ್ತದೆ. ಒಂದು ಬದಿ ಜಾಸ್ತಿ ಇಳಿದು ಬಕೆಟ್ ವಾಲಿದರೆ ಬುಟ್ಟಿಯ ಗಂಟನ್ನು ಆಗಲೇ ಸರಿಮಾಡಿ, ಕುಚ್ಚಿನ ತುದಿಯನ್ನು ಅದಾದ ಮೇಲೆ ಕತ್ತರಿಸಿ.