ನಾಲ್ಕು ತಿಂಗಳ ಮಗು ರಾತ್ರಿಯೆಲ್ಲ ಏಳುತ್ತದೆ, ಹಾಲು ಸಾಲುತ್ತಿಲ್ಲವಾ?

ಪ್ರಶ್ನೆ: ಶಿರಸಿಯ ತವರುಮನೆಯಲ್ಲಿ ಮಗು ರಾತ್ರಿ ಒಂದೇ ಸಲ ಎದ್ದು ಹಾಲು ಕುಡಿದು ಮಲಗುತ್ತಿತ್ತು. ನಾಲ್ಕು ತಿಂಗಳಾಯಿತು ಅಂತ ಕುಮಟಾಕ್ಕೆ ಕರೆದುಕೊಂಡು ಬಂದೆವು. ಈಗ ಗಂಟೆಗೊಮ್ಮೆ ಏಳುತ್ತದೆ. ‘ನಿನ್ನ ಹಾಲು ಸಾಲುತ್ತಿಲ್ಲ, ರಾತ್ರಿ ಸ್ವಲ್ಪ ರಾಗಿ ಮಣ್ಣಿ ಕೊಡು’ ಅಂತಾರೆ ಮನೆಯಲ್ಲಿ. ಕೊಡಲಾ?

ಉತ್ತರ: ಬೇಡ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಅಂಕೋಲಾದಿಂದ ಬರುತ್ತದೆ, ಒಮ್ಮೆ ಕಾರವಾರದಿಂದ, ಒಮ್ಮೆ ಸಿದ್ದಾಪುರದಿಂದ. ಊರು ಬದಲಾಗುತ್ತದೆ, ಮಣ್ಣಿ ಬದಲಾಗುವುದಿಲ್ಲ. ಹಾಗಾಗಿ ಈ ಸಲ ಪೂರ್ತಿ ಬರೆಯುತ್ತೇನೆ, ದಯವಿಟ್ಟು ಅತ್ತೆಗೂ ಗಂಡನಿಗೂ ಓದಿ ಹೇಳಿ.

ಮೂರು-ನಾಲ್ಕು ತಿಂಗಳಿಗೆ ಮಗುವಿನ ಮಿದುಳು ಬೆಳೆದು ನಿದ್ದೆಯ ರೀತಿಯೇ ಬದಲಾಗುತ್ತದೆ. ನಮ್ಮ ಹಾಗೆ ಅದಕ್ಕೂ ಹಗುರ ನಿದ್ದೆ, ಗಾಢ ನಿದ್ದೆ ಅಂತ ಸುತ್ತುಗಳು ಶುರುವಾಗುತ್ತವೆ. ನಮಗೆ ಒಂದು ಸುತ್ತು ಸುಮಾರು 90 ನಿಮಿಷ, ಮಗುವಿಗೆ 50-60 ನಿಮಿಷ. ಸುತ್ತು ಮುಗಿದಾಗ ಎಲ್ಲರಿಗೂ ಅರೆ ಎಚ್ಚರವಾಗುತ್ತದೆ. ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ಮಗುವಿಗೆ ಅದಿನ್ನೂ ಗೊತ್ತಿಲ್ಲ, ಅಳುತ್ತದೆ. ನಿಮ್ಮ ‘ಗಂಟೆಗೊಮ್ಮೆ’ ಬಂದದ್ದು ಅಲ್ಲಿಂದ.

ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ನಮ್ಮಲ್ಲಿ ಬಾಣಂತನ ಮುಗಿಸಿ ತವರಿನಿಂದ ಬರುವುದು ಮೂರಕ್ಕೋ ಐದಕ್ಕೋ, ಅಂದರೆ ಸರಿಯಾಗಿ ಇದೇ ಹೊತ್ತಿಗೆ. ದೇವಿಮನೆ ಘಟ್ಟ ಇಳಿದು ತಂಪಿನಿಂದ ಸೆಖೆಗೆ ಬಂದಿರುತ್ತೀರಿ. ಕೋಣೆ ಹೊಸದು, ಎತ್ತಿಕೊಳ್ಳುವ ಕೈಗಳು ಹೊಸವು. ತವರಲ್ಲೇ ಇದ್ದಿದ್ದರೂ ಹೀಗಾಗುವ ಸಾಧ್ಯತೆ ಬಹಳ ಇತ್ತು. ಆದರೆ ದೂರು ಬರುವುದು ಸೊಸೆಯ ಹಾಲಿನ ಮೇಲೆ. ನನಗೆ ಸಿಟ್ಟು ಬರುವುದು ಇಲ್ಲೇ. ಮೊದಲೇ ನಿದ್ದೆಗೆಟ್ಟ ಹುಡುಗಿ, ಅವಳಿಗೆ ನಿನ್ನಿಂದ ಮಗುವಿನ ಹೊಟ್ಟೆ ತುಂಬುತ್ತಿಲ್ಲ ಅನ್ನುವುದು!

ಹಾಲು ಸಾಲುತ್ತಿಲ್ಲ ಅನ್ನುವುದಕ್ಕೆ ಕೊಡುವ ಸಾಕ್ಷಿಗಳನ್ನು ನೋಡೋಣ. ಮೊದಲನೆಯದು, ‘ಎದೆ ಮೆತ್ತಗಾಗಿದೆ, ಮೊದಲಿನ ಹಾಗೆ ತುಂಬಿಕೊಳ್ಳುವುದಿಲ್ಲ’. ಅಷ್ಟು ಹೊತ್ತಿಗೆ ಮೈಗೆ ಮಗುವಿನ ಲೆಕ್ಕ ಸಿಕ್ಕಿರುತ್ತದೆ, ಬೇಕಾದಷ್ಟೇ ಹಾಲು ಮಾಡುತ್ತದೆ. ಮೆತ್ತಗಾಗುವುದು ಸಹಜ. ಎರಡನೆಯದು, ‘ರಾತ್ರಿ ಎದ್ದಾಗೆಲ್ಲ ಕುಡಿಯುತ್ತದೆ, ಹಸಿದೇ ಇರಬೇಕು’. ಈ ವಯಸ್ಸಿನ ಮಗು ಹಗಲು ಅರ್ಧ ಕುಡಿದು ಬಾಯಿ ಬಿಡುತ್ತದೆ. ಕುಕ್ಕರ್ ಕೂಗಿದರೆ ತಿರುಗಿ ನೋಡುತ್ತದೆ, ಯಾರೋ ಒಳಗೆ ಬಂದರೆ ನಗುತ್ತದೆ. ಬಾಕಿ ಉಳಿದದ್ದನ್ನು ರಾತ್ರಿ ಕುಡಿಯುತ್ತದೆ. ಹಗಲು ಬಾಗಿಲು ಹಾಕಿಕೊಂಡು ಕುಡಿಸಿ, ವ್ಯತ್ಯಾಸ ಕಾಣುತ್ತದೆ. ಈ ವಯಸ್ಸಿಗೆ ರಾತ್ರಿ ಒಂದೆರಡು ಸಲ ಹಸಿದು ಏಳುವುದೂ ಮಾಮೂಲಿ. ಹಾಲು ಸಾಲುತ್ತಿದೆಯಾ ಅಂತ ನಿಜವಾಗಿ ಗೊತ್ತಾಗುವುದು ಎರಡು ಕಡೆ: ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಉಚ್ಚೆ ಮಾಡುತ್ತಿದೆಯಾ, ಮತ್ತು ತಾಯಿ ಕಾರ್ಡ್‌ನಲ್ಲಿ ತೂಕದ ಗೆರೆ ಏರುತ್ತಿದೆಯಾ. ಅನುಮಾನ ಇದ್ದರೆ ಅಂಗನವಾಡಿಗೆ ಹೋಗಿ ತೂಗಿಸಿ. ಗೆರೆ ಏರುತ್ತಿದ್ದರೆ ಆ ಕಾರ್ಡನ್ನೇ ಮನೆಯವರ ಮುಂದಿಡಿ.

ಇನ್ನು ಮಣ್ಣಿ. ಗಟ್ಟಿ ಊಟ ಕೊಟ್ಟರೆ ಮಗು ಬೆಳಗಿನ ತನಕ ಮಲಗುತ್ತದಾ ಅಂತ ಪರೀಕ್ಷೆ ಮಾಡಿಯೇ ನೋಡಿದ್ದಾರೆ. 1989ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಐದು ವಾರದಿಂದ, ಕೆಲವಕ್ಕೆ ನಾಲ್ಕು ತಿಂಗಳಿಂದ ಮಲಗುವ ಮುಂಚೆ ಅಕ್ಕಿಹಿಟ್ಟು ಬೆರೆಸಿ ಕುಡಿಸಿದರು. ನಿದ್ದೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. 2018ರಲ್ಲಿ ಬ್ರಿಟನ್ನಿನ ದೊಡ್ಡ ಅಧ್ಯಯನ ಬಂತು, 1,303 ಮಕ್ಕಳದ್ದು. ಅದರಲ್ಲಿ ಮೂರು ತಿಂಗಳಿಂದಲೇ ಊಟ ಶುರು ಮಾಡಿದ ಮಕ್ಕಳು ಸ್ವಲ್ಪ ಜಾಸ್ತಿ ಮಲಗಿದ್ದು ನಿಜ. ಎಷ್ಟು? ಅತಿ ಹೆಚ್ಚೆಂದರೆ ರಾತ್ರಿಗೆ ಹದಿನೇಳು ನಿಮಿಷ. ಅದೂ ಆರು ತಿಂಗಳ ಹೊತ್ತಿಗೆ. ಅಷ್ಟಕ್ಕಾಗಿ ಹಾಲು ಕುಡಿಯುವುದನ್ನು ಕಡಿಮೆ ಮಾಡಿಸಬೇಕಾ? ಹೊಟ್ಟೆ ಮಣ್ಣಿಯಿಂದ ತುಂಬಿದರೆ ಮಗು ಹಾಲು ಕಮ್ಮಿ ಕುಡಿಯುತ್ತದೆ, ಕುಡಿಯುವುದು ಕಮ್ಮಿಯಾದರೆ ಹಾಲು ನಿಜವಾಗಿಯೂ ಕಮ್ಮಿಯಾಗುತ್ತದೆ. ಇಲ್ಲದ ತೊಂದರೆಯನ್ನು ನಾವೇ ತಂದುಕೊಂಡ ಹಾಗೆ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ, ಕುಮಟಾದ ಏಪ್ರಿಲ್ ಸೆಖೆಯಲ್ಲೂ ಬೇಡ. ಮಣ್ಣಿ ಒಳ್ಳೆಯದೇ, ಆರು ತಿಂಗಳಾದ ಮೇಲೆ ಧಾರಾಳವಾಗಿ ಕೊಡಿ.

ಹಾಗಾದರೆ ಈಗ ಏನು ಮಾಡುವುದು? ಬೆಳಿಗ್ಗೆ ಮಗುವನ್ನು ಜಗಲಿಯ ಬೆಳಕಿಗೆ ತನ್ನಿ, ರಾತ್ರಿ ದೊಡ್ಡ ದೀಪ ಹಾಕಬೇಡಿ, ಹಾಲು ಕುಡಿಸುವಾಗ ಮಾತು-ಆಟ ಬೇಡ. ಕುಂಯ್ ಅಂದ ತಕ್ಷಣ ಎತ್ತಬೇಡಿ, ಒಂದು ನಿಮಿಷ ಕಾಯಿರಿ, ಎಷ್ಟೋ ಸಲ ಹಾಗೇ ಮಲಗಿಬಿಡುತ್ತದೆ. ಹಗಲಿನ ನಿದ್ದೆ ತಪ್ಪಿಸಬೇಡಿ, ದಣಿದ ಮಗು ರಾತ್ರಿ ಇನ್ನೂ ಜಾಸ್ತಿ ಏಳುತ್ತದೆ. ಕರಾವಳಿಗೆ ಬಂದ ಮೇಲೆ ಆ ಉಣ್ಣೆಯ ಕುಲಾವಿ ತೆಗೆದುಬಿಡಿ. ಕುತ್ತಿಗೆಯ ಹಿಂದೆ ಕೈ ಇಟ್ಟು ನೋಡಿ, ಬೆವರಿದ್ದರೆ ಬಟ್ಟೆ ಜಾಸ್ತಿಯಾಗಿದೆ ಅಂತಲೇ. ಬೆನ್ನ ಮೇಲೆ ಮಲಗಿಸಿ, ಸಾಸಿವೆ ದಿಂಬು ಬೇಡ. ಹಾಲು ಕುಡಿಸಿದ ಮೇಲೆ ತೇಗಿಸಿ ಮಲಗಿಸುವ ಕೆಲಸ ಅಪ್ಪನದ್ದಾಗಲಿ. ಸಾಮಾನ್ಯವಾಗಿ ಎರಡರಿಂದ ಆರು ವಾರದಲ್ಲಿ ಸರಿಯಾಗುತ್ತದೆ. ಎಂಟು-ಹತ್ತು ತಿಂಗಳಿಗೆ, ಅಂಬೆಗಾಲಿಡುವಾಗ, ಮತ್ತೊಮ್ಮೆ ಬರಬಹುದು. ಜ್ವರ ಇದ್ದರೆ, ಹಾಲು ಬಿಟ್ಟರೆ, ಉಚ್ಚೆ ಕಮ್ಮಿಯಾದರೆ ಮಾತ್ರ ಕಾಯದೆ ಡಾಕ್ಟರ ಹತ್ತಿರ ಹೋಗಿ.

ನೀವು ಕೇಳಲಿಲ್ಲ, ಆದರೂ ಜಾಯಿಕಾಯಿಯ ಮಾತು ಹೇಳಿಯೇ ಬಿಡುತ್ತೇನೆ. ಶಿರಸಿ ಕಡೆಯ ಅಡಿಕೆ ತೋಟಗಳಲ್ಲಿ ಜಾಯಿಕಾಯಿ ಮರ ಇದ್ದೇ ಇರುತ್ತದೆ, ಕಾಯಿ ಮನೆಯಲ್ಲೇ ಸಿಗುತ್ತದೆ. ಮಗು ಮಲಗುತ್ತಿಲ್ಲ ಅಂದರೆ ಸಾಣೆಕಲ್ಲಿಗೆ ಕೈ ಹೋಗುತ್ತದೆ. ‘ಎರಡೇ ಸುತ್ತು ತೇಯ್ದೆ’ ಅಂತಾರೆ. ಆ ಎರಡು ಸುತ್ತಿನಲ್ಲಿ ಎಷ್ಟು ಇಳಿಯಿತು ಅಂತ ಅಳೆದವರು ಯಾರು? ಕಾಯಿ ಹಳತೋ ಹೊಸತೋ, ಕೈ ಹಗುರವೋ ಭಾರವೋ, ಎಲ್ಲದರ ಮೇಲೂ ಹೋಗುತ್ತದೆ. ಅದರಲ್ಲಿ ಮಿರಿಸ್ಟಿಸಿನ್ ಅನ್ನುವ ಅಂಶ ಇದೆ, ಜಾಸ್ತಿಯಾದರೆ ದೊಡ್ಡವರಿಗೇ ಎದೆಬಡಿತ ಏರಿ ಮಂಪರು ಕವಿಯುತ್ತದೆ. ಐದಾರು ಕಿಲೋದ ಮಗುವಿಗೆ ಬರುವುದು ಅದೇ ಮಂಪರು, ಅದನ್ನು ನಾವು ಒಳ್ಳೆಯ ನಿದ್ದೆ ಅಂದುಕೊಳ್ಳುತ್ತೇವೆ. ಬಜೆಗೂ ಇದೇ ಮಾತು. ಈಗಾಗಲೇ ಕೊಟ್ಟಿದ್ದು, ಮಗು ಎಬ್ಬಿಸಿದರೂ ಏಳದೆ, ಹಾಲಿಗೆ ಬಾಯಿ ತೆರೆಯದೆ ಮಲಗಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೈಯುತ್ತಾರೆ ಅಂತ ಹೆದರಿ ಮುಚ್ಚಿಡಬೇಡಿ, ಏನು ತೇಯ್ದು ಕೊಟ್ಟಿದ್ದೀರಿ, ಯಾವಾಗ ಕೊಟ್ಟಿದ್ದೀರಿ ಅಂತ ಡಾಕ್ಟರಿಗೆ ಮೊದಲೇ ಹೇಳಿ.