ವ್ವಾ ವೆರ್ತ್: ಹಸಿರು ಹಾದಿ ಬೇರೆ, ಸೈಕಲ್ ಮಾರ್ಗ ಬೇರೆ

ಈ ತಿಂಗಳಲ್ಲಿ ಇದು ನಾಲ್ಕನೇ ಸಲ. ಫ್ರಾನ್ಸಿನ ಸೈಕಲ್ ಪ್ರವಾಸದ ಬಗ್ಗೆ ಕನ್ನಡದಲ್ಲೊಂದು ಬರಹ, ಚೆಂದದ ಫೋಟೊ, ಅದರ ಕೆಳಗೆ ಒಕ್ಕಣೆ: ‘ಲ್ವಾರ್ ನದಿಯುದ್ದಕ್ಕೂ 900 ಕಿ.ಮೀ. ವ್ವಾ ವೆರ್ತ್, ಪೂರ್ತಿ ಝೀರೋ ಟ್ರಾಫಿಕ್!’ ಆ ಸಾಲಿನಲ್ಲಿ ಸರಿಯಿರುವುದು 900 ಒಂದೇ. ವ್ವಾ ವೆರ್ತ್ ಎಂದರೆ ಫ್ರಾನ್ಸಿನಲ್ಲಿ ಮೋಟಾರು ಗಾಡಿಗಳಿಗೆ ಪ್ರವೇಶವಿಲ್ಲದ ‘ಹಸಿರು’ ದಾರಿ.

ಮೊದಲು ಝೀರೋ ಟ್ರಾಫಿಕ್ ವಿಷಯ ಮುಗಿಸಿಬಿಡೋಣ. ನಮ್ಮಲ್ಲಿ ಅದು ಅಂಗಾಂಗ ಹೊತ್ತ ಆಂಬುಲೆನ್ಸಿಗೆ ಪೊಲೀಸರು ಮಾಡಿಕೊಡುವ ಏರ್ಪಾಡು. ಸಿಗ್ನಲ್ಲುಗಳನ್ನು ಹತ್ತು ನಿಮಿಷ ಹಿಡಿದಿಟ್ಟು, ಗಾಡಿ ದಾಟಿತೋ ಇಲ್ಲವೋ ಮತ್ತೆ ಹಾರ್ನಿನ ಜಾತ್ರೆ. ವ್ವಾ ವೆರ್ತ್ ಮೇಲೆ ಕಾರುಗಳನ್ನು ಯಾರೂ ಹಿಡಿದು ನಿಲ್ಲಿಸಿರುವುದಿಲ್ಲ, ಅವಕ್ಕೆ ಅಲ್ಲಿ ಕಾಲಿಡುವ ಹಕ್ಕೇ ಇಲ್ಲ. ಹಾಗಂತ ದಾರಿ ಖಾಲಿಯೂ ಅಲ್ಲ. ಭಾನುವಾರ ಬೆಳಿಗ್ಗೆ ಮೊಮ್ಮಕ್ಕಳ ತಳ್ಳುಗಾಡಿ ಹಿಡಿದ ಅಜ್ಜಿಯರು, ಉದ್ದ ಹಗ್ಗದ ನಾಯಿಗಳು, ಸ್ಕೇಟಿಂಗ್ ಹುಡುಗರು, ಒಮ್ಮೊಮ್ಮೆ ಕುದುರೆ ಸವಾರರು ಎಲ್ಲರೂ ಸಿಗುತ್ತಾರೆ. ಗಂಟೆ ಬಾರಿಸುತ್ತ ನಿಧಾನಕ್ಕೆ ಹೋಗಬೇಕು.

ಇನ್ನು ಪದ. ಇದನ್ನು ‘ಹಸಿರು ರಸ್ತೆ’ ಎಂದು ಅನುವಾದಿಸುವುದನ್ನು ನೋಡಿದಾಗೆಲ್ಲ ನನಗೆ ಕೈ ತುರಿಸುತ್ತದೆ. ಫ್ರೆಂಚರ ಬಳಿ ದಾರಿಗೆ ಹೆಸರುಗಳ ಕೊರತೆಯಿಲ್ಲ, ಒಂದೊಂದಕ್ಕೂ ಒಂದೊಂದು ಹುಟ್ಟು. ‘ರೂತ್’ ಬಂದದ್ದು ಲ್ಯಾಟಿನ್ನಿನ ‘ರುಪ್ತಾ’ದಿಂದ, ಅಂದರೆ ಮುರಿದದ್ದು: ಕಾಡು ಕಡಿದು, ನೆಲ ಒಡೆದು ಮಾಡಿದ ದಾರಿ. ‘ಶ್ಮ್ಯಾಂ’ ರೋಮನ್ನರಿಗಿಂತ ಮುಂಚೆ ಅಲ್ಲಿದ್ದ ಗಾಲ್ ಜನರ ಮಾತು, ಊರ ಹಾದಿ. ‘ಪಿಸ್ತ್’ ಇಟಲಿಯಿಂದ ಬಂದ ಪದ, ತುಳಿದು ತುಳಿದು ಮೂಡಿದ ಜಾಡು. ‘ವ್ವಾ’ ಎಂಬುದು ಲ್ಯಾಟಿನ್ನಿನ ‘ವಿಯಾ’. ಇದು ನಮಗೆ ಹೊಸದೇನಲ್ಲ, ದಿನಾ ನೋಡುವ ಪದವೇ. ಶಿವಮೊಗ್ಗದ ಬಸ್ಸಿನ ಬೋರ್ಡಿನ ಮೇಲೆ ‘ವಯಾ ತಿಪಟೂರು, ಅರಸೀಕೆರೆ’ ಎಂದು ಬರೆದಿರುತ್ತದಲ್ಲ, ಆ ‘ವಯಾ’ ಇದೇ. ಅದೇ ಬಸ್ಸಿನ ‘ರೂಟ್’ ಕೂಡ ಇಂಗ್ಲಿಷಿನ ಕೈಯಿಂದ ನಮಗೆ ದಾಟಿದ ಫ್ರೆಂಚಿನ ‘ರೂತ್’. ಎರಡೂ ಒಂದೇ ಬಸ್ಸೇರಿ ಓಡಾಡುತ್ತಿದ್ದರೂ ಇವೆರಡನ್ನು ನಾವು ಗೊಂದಲ ಮಾಡಿಕೊಳ್ಳುತ್ತೇವೆ. ಈ ‘ರೂಟ್’ ಮುಂದೆ ಇನ್ನೊಮ್ಮೆ ಬರುತ್ತದೆ, ನೆನಪಿರಲಿ.

ವ್ವಾ ಎಂದರೆ ಡಾಂಬರು ಇರಲೇಬೇಕು, ಚಕ್ರ ಉರುಳಲೇಬೇಕು ಎಂದೇನಿಲ್ಲ. ರೈಲು ಹಳಿ ‘ವ್ವಾ ಫೆರೆ’, ಕಬ್ಬಿಣದ ಹಾದಿ. ಸ್ಟೇಷನ್ನಿನಲ್ಲಿ ‘ವ್ವಾ 2’ ಎಂದರೆ ಎರಡನೇ ಹಳಿ. ನಾವು ಆಕಾಶಗಂಗೆ ಎನ್ನುವುದು ಅವರಿಗೆ ‘ವ್ವಾ ಲಾಕ್ತೆ’, ಹಾಲಿನ ಹಾದಿ. ನಾವು ಅಲ್ಲಿ ನದಿ ಕಂಡೆವು, ಅವರು ದಾರಿ ಕಂಡರು. ಹೀಗೆ ಕಬ್ಬಿಣಕ್ಕೂ ಹಾಲಿಗೂ ಒಗ್ಗಿದ ಪದಕ್ಕೆ ‘ರಸ್ತೆ’ ತೀರಾ ಬಿಗಿ ಅಂಗಿ. ‘ಹಾದಿ’ ಸರಿಹೊಂದುತ್ತದೆ. ನಾನು ಹಸಿರು ಹಾದಿ ಎಂದೇ ಬರೆಯುತ್ತೇನೆ.

ಪದದ ಚಮತ್ಕಾರ ಇರುವುದೂ ಇಲ್ಲೇ. ಈ ಹಾದಿಗಳಲ್ಲಿ ಬಹಳಷ್ಟು ಒಂದು ಕಾಲದ ರೈಲು ಮಾರ್ಗಗಳು. ಹಳಿ ಕಿತ್ತರು, ವ್ವಾ ಫೆರೆ ಹೋಗಿ ವ್ವಾ ವೆರ್ತ್ ಆಯಿತು. ಫ್ರಾನ್ಸಿನ ಮೊದಲನೆಯದು 1997ರಲ್ಲಿ ದಕ್ಷಿಣ ಬರ್ಗಂಡಿಯಲ್ಲಿ ತೆರೆದದ್ದು: ಜಿವ್ರಿಯಿಂದ ಕ್ಲೂನಿಗೆ 44 ಕಿ.ಮೀ. ಕ್ಲೂನಿಯ ಕಡೆಗೆ ಅದು ಗ್ರೋನ್ ನದಿಯ ಕಣಿವೆ ಹಿಡಿದು ಸಾಗುತ್ತದೆ. ಉಗಿಬಂಡಿಗೆ ಏರು ಆಗಿಬರುತ್ತಿರಲಿಲ್ಲವಾದ್ದರಿಂದ ಅಂದಿನ ಎಂಜಿನಿಯರುಗಳು ದಿಬ್ಬ ಕೊರೆದು, ತಗ್ಗು ತುಂಬಿ ದಾರಿಯನ್ನು ಸಪಾಟು ಮಾಡಿಟ್ಟಿದ್ದರು. ಇವತ್ತು ಆರು ವರ್ಷದ ಮಗುವೂ ಪೆಡಲ್ ತುಳಿದುಕೊಂಡು ಹೋಗುತ್ತದೆ. ಹಳೆಯ ಗೇಟ್‌ಕೀಪರ್ ಮನೆಗಳು ಕ್ರಾಸಿಂಗಿನ ಪಕ್ಕ ಹಾಗೇ ಇವೆ, ಕಿಟಕಿಗೆ ಹೂಕುಂಡ ತೂಗುಬಿಟ್ಟುಕೊಂಡು.

2004ರ ಸೆಪ್ಟೆಂಬರಿನಲ್ಲಿ ಈ ಹೆಸರಿಗೆ ಕಾನೂನಿನ ಮುದ್ರೆ ಬಿತ್ತು. ಅಲ್ಲಿನ ಸಂಚಾರ ನಿಯಮದ ಪ್ರಕಾರ ವ್ವಾ ವೆರ್ತ್ ಎಂದರೆ ಮೋಟಾರಿಲ್ಲದ ವಾಹನ, ಪಾದಚಾರಿ, ಕುದುರೆ ಸವಾರ ಇವರಿಗೆ ಮಾತ್ರ ಮೀಸಲಾದ ದಾರಿ. (ಆ ವಾಕ್ಯದಲ್ಲಿ ‘ದಾರಿ’ಗೆ ಕಾನೂನು ಬಳಸಿದ್ದು ‘ರೂತ್’ ಎಂಬ ಪದವನ್ನೇ. ನನ್ನ ಇಷ್ಟುದ್ದದ ವಾದಕ್ಕೆ ಸರ್ಕಾರವೇ ತಣ್ಣೀರೆರಚಿದೆ, ಇರಲಿ.) ಪೆಡಲ್ ತುಳಿದರೆ ಮಾತ್ರ ಓಡುವ ಬ್ಯಾಟರಿ ಸೈಕಲ್ಲಿಗೆ ಅಡ್ಡಿಯಿಲ್ಲ. ದಾರಿ ರಿಪೇರಿಯವರ ಗಾಡಿ ಬಂದೀತು. ಗಮನಿಸಬೇಕಾದದ್ದು, ಇದು ನೆಲದ ಗುಣ. ಈ ತುಂಡು ನೆಲದ ಮೇಲೆ ಯಾರು ಬರಬಹುದು ಎಂಬುದಷ್ಟೇ ಇದರ ವಿಷಯ. ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಮೂರು ಕಿ.ಮೀ. ಉದ್ದವಿದ್ದು ಒಂದು ಹೊಲದ ಬೇಲಿಗೆ ಮುಗಿದರೂ ಅದು ವ್ವಾ ವೆರ್ತ್ ಹೌದು.

ಎಲ್ಲಿಂದ ಎಲ್ಲಿಗೆ ಎಂಬುದನ್ನು ಹೇಳುವ ಪದವೇ ಬೇರೆ: ‘ವೆಲೋರೂತ್’, ಅಂದರೆ ಸೈಕಲ್ ರೂಟ್. ಬಸ್ಸಿನ ರೂಟ್ ನೆನಪಿದೆಯಲ್ಲ? ಬಸ್ಸಿನ ಮಾರ್ಗ ಸಂಖ್ಯೆ ಯಾವ ರಸ್ತೆಯ ಹೆಸರೂ ಅಲ್ಲ. ಒಂದೇ ಮಾರ್ಗದ ಬಸ್ಸು ಮೇಲ್ಸೇತುವೆ ಹತ್ತುತ್ತದೆ, ಸಂತೆಬೀದಿಯಲ್ಲಿ ನುಸುಳುತ್ತದೆ, ಹೆದ್ದಾರಿಗೂ ಸೇರುತ್ತದೆ. ವೆಲೋರೂತ್ ಥೇಟ್ ಹಾಗೆ. ದೂರದ ಸೈಕಲ್ ಪ್ರಯಾಣಕ್ಕೆಂದು ಬಿಳಿ ಫಲಕದ ಮೇಲೆ ಹಸಿರು ಅಕ್ಷರದಲ್ಲಿ ಬಾಣ ಹಾಕುತ್ತ ಹೋದ ಒಂದು ಮಾರ್ಗ. ಅದು ಸಿಕ್ಕಲ್ಲಿ ಹಸಿರು ಹಾದಿ ಹಿಡಿಯುತ್ತದೆ, ಸಿಗದಲ್ಲಿ ಕಾರು ಕಡಿಮೆ ಓಡಾಡುವ ಹಳ್ಳಿರಸ್ತೆಗೆ ಇಳಿಯುತ್ತದೆ, ಊರು ಬಂದರೆ ಬಣ್ಣ ಬಳಿದ ಸೈಕಲ್ ಪಟ್ಟಿಯ ಮೇಲೂ ಹೋಗುತ್ತದೆ. 1998ರಲ್ಲಿ ಸರ್ಕಾರ ಒಪ್ಪಿದ ಯೋಜನೆಯ ಹೆಸರೇ ‘ವೆಲೋರೂತ್‌ಗಳು ಮತ್ತು ವ್ವಾ ವೆರ್ತ್‌ಗಳ ರಾಷ್ಟ್ರೀಯ ಯೋಜನೆ’. ನಡುವಿನ ‘ಮತ್ತು’ ಸುಮ್ಮನೆ ಕೂತಿಲ್ಲ.

ಲ್ವಾರ್ ಉದ್ದಕ್ಕಿರುವುದು ವೆಲೋರೂತ್. ಹೆಸರು ‘ಲಾ ಲ್ವಾರ್ ಅ ವೆಲೋ’, ನೆವೇರ್ ಹತ್ತಿರದಿಂದ ಸ್ಯಾಂ-ಬ್ರೆವ್ಯಾಂ ಕಡಲತೀರದವರೆಗೆ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರಕ್ಕೆ ಹೋಗುವ ಯೂರೋವೆಲೋ 6 ಎಂಬ ಸೈಕಲ್ ಮಾರ್ಗಕ್ಕೂ ಇದೇ ದಾರಿ. ಬಲು ಸುಂದರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಎಷ್ಟೋ ಭಾಗ ‘ಲವೇ’ಗಳ ಮೇಲೆ, ಹಳ್ಳಿಗಳ ನಡುವೆ, ಸಾಮಾನ್ಯ ಚಿಕ್ಕ ರಸ್ತೆ. ಲವೇ ಎಂದರೆ ಏನೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ: ಏರಿ. ಕೆರೆಯ ಬದಲು ನದಿಗೆ ಕಟ್ಟಿದ್ದು, ಅಷ್ಟೇ. ನೆರೆ ತಡೆಯಲು ಮಧ್ಯಯುಗದಿಂದ ಎತ್ತರಿಸುತ್ತ ಬಂದದ್ದು. ಆದರೂ 1846, 1856, 1866ರಲ್ಲಿ ಲ್ವಾರ್ ಏರಿಗೆ ಮೂರು ಸಲ ಬುದ್ಧಿ ಕಲಿಸಿತು. ಏರಿ ಮೇಲೆ ಸೈಕಲ್ ನಿಲ್ಲಿಸಿದರೆ ಒಂದು ಕಡೆ ಮರಳು ದಿಬ್ಬಗಳ ನಡುವೆ ಹರಿಯುವ ನೀರು, ಇನ್ನೊಂದು ಕಡೆ ಕಣ್ಣಿನ ಮಟ್ಟಕ್ಕೆ ಮನೆಗಳ ಸೂರು, ಕೆಳಗೆ ಅಂಗಳದಲ್ಲಿ ಒಣಹಾಕಿದ ಬಟ್ಟೆ.

ಅದೇ ಏರಿ ಮೇಲೆ ಹಿಂದಿನಿಂದ ಟ್ರ್ಯಾಕ್ಟರ್ ಬರುತ್ತದೆ. ನನ್ನ ಪರಿಚಯದ ಒಂದು ಕುಟುಂಬ, ಇಂಥದ್ದೇ ‘ಝೀರೋ ಟ್ರಾಫಿಕ್’ ಬರಹ ನಂಬಿಕೊಂಡು, ಐದು ವರ್ಷದ ಮಗಳನ್ನು ಅವಳದೇ ಪುಟ್ಟ ಸೈಕಲ್ ಮೇಲೆ ಅಲ್ಲಿಗೆ ಕರೆದೊಯ್ದಿತ್ತು. ಎರಡನೇ ದಿನ ಮಧ್ಯಾಹ್ನ ತಾಯಿಯಿಂದ ನನಗೆ ಸಂದೇಶ: ‘ಇಲ್ಲಿ ಕಾರ್ ಬರ್ತಿವೆ, ನಾವು ದಾರಿ ತಪ್ಪಿದ್ದೀವಾ?’ ತಪ್ಪಿರಲಿಲ್ಲ, ಫಲಕ ತೋರಿಸಿದ ಕಡೆಗೇ ಹೋಗುತ್ತಿದ್ದರು. ತಪ್ಪಿದ್ದು ಪದ. ದೊಡ್ಡವರಿಗೆ ದಿನಕ್ಕೆ ಹತ್ತಿಪ್ಪತ್ತು ಕಾರು ಲೆಕ್ಕಕ್ಕಿಲ್ಲ. ಆ ಮಗುವಿನ ಜೊತೆ ಹೋಗುವವರಿಗೆ ಒಂದೇ ಕಾರು ಸಾಕು.

ಮೊದಲೇ ನನ್ನನ್ನು ಕೇಳಿದ್ದರೆ ಆ ಮಗುವಿಗೆ ನಾನು ಹೇಳುತ್ತಿದ್ದದ್ದು ಗರೋನ್ ಕಾಲುವೆ. ತುಲೂಸ್‌ನಿಂದ ಕಾಸ್ತೆ-ಆಂ-ದೋರ್ತ್‌ವರೆಗೆ 193 ಕಿ.ಮೀ., ನದಿಯ ಮಗ್ಗುಲಲ್ಲೇ ತೋಡಿದ್ದು, 1856ರಲ್ಲಿ ಮುಗಿದದ್ದು. ಅದರ ದಂಡೆಯ ಹಾದಿಯಲ್ಲಿ ಬಹುಪಾಲು ಅಪ್ಪಟ ವ್ವಾ ವೆರ್ತ್. ಆಜಾಂ ಊರಲ್ಲಿ ಕಾಲುವೆಯೇ 23 ಕಮಾನುಗಳ ಸೇತುವೆ ಏರಿ ಗರೋನ್ ನದಿಯನ್ನು ದಾಟುತ್ತದೆ. 539 ಮೀಟರ್ ಉದ್ದಕ್ಕೂ ನಿಮ್ಮ ಪಕ್ಕದಲ್ಲಿ ದೋಣಿ, ಕೆಳಗೆ ನದಿ.

ಇಲ್ಲಿ ಇನ್ನೊಂದು ಪದ ಅಡ್ಡ ಬರುತ್ತದೆ: ‘ಶ್ಮ್ಯಾಂ ದ್ ಅಲಾಜ್’, ಎಳೆದಾರಿ. ದೋಣಿಗೆ ಹಗ್ಗ ಕಟ್ಟಿ ದಂಡೆಯ ಮೇಲಿಂದ ಕುದುರೆಗಳೋ ಮನುಷ್ಯರೋ ಎಳೆಯುತ್ತಿದ್ದ ದಾರಿ. 1669ರಲ್ಲಿ ಹದಿನಾಲ್ಕನೇ ಲೂಯಿಯ ಮಂತ್ರಿ ಕೋಲ್ಬೇರ್ ತಂದ ಶಾಸನ, ಎಳೆಯುವ ಕಡೆಯ ದಂಡೆಯಲ್ಲಿ 24 ಅಡಿ, ಆಚೆ ದಂಡೆಯಲ್ಲಿ 10 ಅಡಿ ಜಾಗ ಬಿಡಬೇಕೆಂದಿತು. ಅಂದಿನ ರಾಜರ ಅಡಿ ನಮ್ಮ ಅಡಿಗಿಂತ ಚೂರು ಉದ್ದ, 32.48 ಸೆಂ.ಮೀ. ಇವತ್ತಿನ ಫ್ರೆಂಚ್ ಕಾನೂನು ತೆಗೆದು ನೋಡಿ: 7.80 ಮೀಟರ್, 3.25 ಮೀಟರ್ ಎಂಬ ವಿಚಿತ್ರ ಅಳತೆಗಳು ಕಾಣುತ್ತವೆ. ಲೂಯಿಯ ಅಡಿಗಳನ್ನೇ ಮೀಟರಿಗೆ ತಿರುಗಿಸಿ ಇಟ್ಟುಕೊಂಡಿದ್ದಾರೆ. ಕ್ರಾಂತಿ ಬಂದು ರಾಜರ ತಲೆ ಹೋಯಿತು, ಕುದುರೆ ಹೋಯಿತು, ಹಗ್ಗ ಹೋಯಿತು, ಅಳತೆ ಉಳಿಯಿತು.

ಆದರೆ ಎಳೆದಾರಿ ತಾನಾಗಿಯೇ ಹಸಿರು ಹಾದಿಯಾಗುವುದಿಲ್ಲ. ಅದು ಕಾಲುವೆಯ ಸೊತ್ತು. ಸ್ಥಳೀಯ ಆಡಳಿತ ಕಾಲುವೆ ಇಲಾಖೆಯ ಜೊತೆ ಒಪ್ಪಂದ ಮಾಡಿಕೊಂಡು, ನೆಲ ಸರಿಮಾಡಿ, ಫಲಕ ನೆಟ್ಟರೆ ಮಾತ್ರ ಆಯಿತು. ತುಲೂಸ್‌ನಿಂದ ಇನ್ನೊಂದು ದಿಕ್ಕಿಗೆ, 1681ರಲ್ಲಿ ಮುಗಿದ ಮಿದಿ ಕಾಲುವೆಯ ಗುಂಟ ಹೋಗಿ ನೋಡಿ. ನಾನು ಹೋದಾಗ ಜಿಲ್ಲೆಯ ಗಡಿಯವರೆಗೆ ನುಣುಪಾದ ಡಾಂಬರು, ಗಡಿ ದಾಟಿದ್ದೇ ತಡ ಕಲ್ಲು, ಮಣ್ಣು, ಪ್ಲೇನ್ ಮರದ ಬೇರು. ನೀರು ಅದೇ, ಮರದ ಸಾಲು ಅದೇ, ಬೆನ್ನು ಮಾತ್ರ ನನ್ನದಾಗಿ ಉಳಿಯಲಿಲ್ಲ.

ಇನ್ನು ಮೇಲೆ ಹೇಳಿದ ‘ಪಿಸ್ತ್’: ಅದು ಸೈಕಲ್ಲಿಗೆ, ನಡೆಯುವವರಿಗಲ್ಲ, ಅಷ್ಟು ಸಾಕು. ಬೋರ್ದೋ ಪಕ್ಕದಿಂದ ಸೋವ್‌ತೆರ್‌ಗೆ ಹೋಗುವ ಹಳೇ ರೈಲು ಹಾದಿಗೆ 1937ರ ಟೂರ್ ದ ಫ್ರಾನ್ಸ್ ಗೆದ್ದ ರೋಜೆ ಲಾಪೆಬಿಯ ಹೆಸರಿಟ್ಟು ‘ಪಿಸ್ತ್ ಲಾಪೆಬಿ’ ಎನ್ನುತ್ತಾರೆ. ಅಲ್ಲಿ ನಡೆಯುವವರೂ ಧಾರಾಳ. ಫ್ರೆಂಚರೂ ತಪ್ಪುತ್ತಾರೆ ಎಂದು ನನಗೆ ಪತ್ರ ಬರೆಯುವವರಿದ್ದಾರೆ. ತಪ್ಪುತ್ತಾರೆ, ಗೊತ್ತು.

ವ್ವಾ ವೆರ್ತ್, ವೆಲೋರೂತ್ ಎರಡು ಪದಗಳೂ ಒಂದೇ ಜಾಗದಲ್ಲಿ ಕೈಬದಲಾಯಿಸುವುದನ್ನು ನೋಡಬೇಕಿದ್ದರೆ ಕ್ಲೂನಿಗೇ ವಾಪಸ್ ಬನ್ನಿ. ಅಲ್ಲಿಂದ ಮಾಕೋಂ ಕಡೆಗೆ ಮುಂದುವರಿದ ಹಾದಿ ಬ್ವಾ-ಕ್ಲೇರ್ ಗುಡ್ಡದಡಿಯ ಹಳೇ ರೈಲು ಸುರಂಗ ಹೊಗುತ್ತದೆ, 1.6 ಕಿ.ಮೀ. ಬೇಸಿಗೆಯಲ್ಲೂ ಒಳಗೆ ಸ್ವೆಟರ್ ಬೇಕು. ಚಳಿಗಾಲದಲ್ಲಿ ಬಾಗಿಲು ಮುಚ್ಚುತ್ತಾರೆ, ಏಕೆಂದರೆ ಬಾವಲಿಗಳು ಅಲ್ಲಿ ಮಲಗುತ್ತವೆ. ಆಗ ಬಾಣದ ಗುರುತು ನಿಮ್ಮನ್ನು ಗುಡ್ಡದ ಮೇಲಿನ ರಸ್ತೆಗೆ ಹತ್ತಿಸುತ್ತದೆ, ಕಾರುಗಳ ಜೊತೆ.