ಎರಡು ಮೌಸ್ ಹಾಕಿದರೂ ಬಾಣ ಒಂದೇ

ಹುಲೇಕಲ್ ಕಡೆಯ ಒಂದು ಮನೆ. ಮಕ್ಕಳ ಓದಿಗೆಂದು ಕೊಂಡ ಕಂಪ್ಯೂಟರ್ ಜಗಲಿಯ ಮೂಲೆಯಲ್ಲಿದೆ. ಅಕ್ಕ ಒಂಬತ್ತನೇ ತರಗತಿ, ತಮ್ಮ ಆರನೆಯದು. ಇಬ್ಬರಿಗೂ ಮೈನ್‌ಕ್ರಾಫ್ಟ್ ಎಂಬ ಆಟವೆಂದರೆ ಪ್ರಾಣ. ಸರದಿಯ ಜಗಳ ತಾಳಲಾರದೆ ಅವರ ಆಯಿ ಶಿರಸಿ ಪೇಟೆಯಿಂದ ಇನ್ನೊಂದು ಕೀಬೋರ್ಡು, ಇನ್ನೊಂದು ಮೌಸು ತಂದು ಜೋಡಿಸಿದ್ದರು. ರಿಪೇರಿಗೆಂದು ನಾನು ಹೋದಾಗ ಅವರ ಮೊದಲ ಮಾತೇ ಇದು: “ಎರಡು ಮೌಸ್ ಹಾಕಿದ್ರೂ ಬಾಣ ಒಂದೇ ಇದ್ದಲಾ, ಎಂತಕ್ಕೆ?”

ತೆರೆಯ ಮೇಲೆ ಆಟದ ಎರಡು ಕಿಟಕಿಗಳು ತೆರೆದಿದ್ದವು. ಅಕ್ಕ ಎಡಕ್ಕೆ ಎಳೆದರೆ ಬಾಣ ಎಡಕ್ಕೆ, ತಮ್ಮ ಬಲಕ್ಕೆ ಎಳೆದರೆ ಅದೇ ಬಾಣ ಬಲಕ್ಕೆ. ವಿಂಡೋಸ್‌ಗೆ ಎಷ್ಟು ಮೌಸ್ ಚುಚ್ಚಿದರೂ ಅದು ಎಲ್ಲವನ್ನೂ ಒಂದೇ ಬಾಣಕ್ಕೆ ಕೂಡಿಸುತ್ತದೆ. ಒತ್ತಿದ ಕೀಲಿ ಕೂಡ ಆ ಹೊತ್ತಿಗೆ ಮುಂದಿರುವ ಕಿಟಕಿಗೆ ಮಾತ್ರ ತಲುಪುತ್ತದೆ. ಆಟದ ಎರಡು ಪ್ರತಿ ಓಡಿಸಬಹುದು. ಎರಡು ಜೊತೆ ಕೈಗೆ ಬೇರೆ ಬೇರೆ ಜಾಗ ಮಾಡಿಕೊಡುವುದು ಬೇರೆಯೇ ಕೆಲಸ. ನನ್ನ ಬಳಿ ಬರುವವರು “ಎರಡನೇ ಸಲ ಓಪನ್ ಆಗ್ತಿಲ್ಲ” ಎಂದು ಕೇಳುತ್ತಾರೆಯೇ ಹೊರತು ಈ ಕೈಗಳ ಲೆಕ್ಕವನ್ನು ಯಾರೂ ಹಾಕಿರುವುದಿಲ್ಲ.

ಓಪನ್ ಆಗದಿರುವುದಕ್ಕೂ ಕಾರಣವಿದೆ. ಕೆಲವು ಆಟಗಳು ಶುರುವಾದ ಕೂಡಲೇ ವಿಂಡೋಸ್ ಬಳಿ ಒಂದು ಹೆಸರು ಬರೆಸಿಡುತ್ತವೆ. ಮ್ಯೂಟೆಕ್ಸ್ ಎನ್ನುತ್ತಾರೆ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಎರಡನೇ ಪ್ರತಿ ಬಂದು ಟವೆಲ್ ನೋಡಿ ವಾಪಸು ಹೋಗುತ್ತದೆ. ಆ ಟವೆಲ್ ಎಳೆದು ಹಾಕುವ ಪುಟ್ಟ ಪ್ರೋಗ್ರಾಮುಗಳು ಪುಕ್ಕಟೆ ಸಿಗುತ್ತವೆ. ಈ ಮನೆಯ ಹುಡುಗನೂ ಒಂದನ್ನು ಇಳಿಸಿಕೊಂಡಿದ್ದ. ಅದರ ಜೊತೆಗಿದ್ದ ಚೀಟಿಯ ಮೊದಲ ಸಾಲೇ ಆಂಟಿವೈರಸ್ ಆಫ್ ಮಾಡಿ ಎಂದಿತ್ತು; ಮಾಡಿದ್ದ. ಅದೇ ಕಂಪ್ಯೂಟರಿನಲ್ಲಿ ಅವರ ಅಪ್ಪ ಬ್ಯಾಂಕಿನ ವ್ಯವಹಾರ ನೋಡುತ್ತಾರೆ. ಆಂಟಿವೈರಸ್ ಆಫ್ ಮಾಡಿ ಎನ್ನುವ ಯಾವ ಉಪಕರಣವೂ ಮನೆಮಂದಿಯೆಲ್ಲ ಬಳಸುವ ಕಂಪ್ಯೂಟರಿಗೆ ಬರಕೂಡದು, ಅದು ಎಷ್ಟೇ ಕೆಲಸ ಮಾಡಲಿ. ಅದನ್ನು ತೆಗೆದು, ಪೂರ್ತಿ ಸ್ಕ್ಯಾನ್ ಮಾಡಿ, ಎಲ್ಲರ ಪಾಸ್‌ವರ್ಡುಗಳನ್ನೂ ಫೋನಿನಿಂದಲೇ ಬದಲಿಸಿದೆ.

ವಿಚಿತ್ರವೆಂದರೆ ಆ ಪ್ರೋಗ್ರಾಮಿನ ಅಗತ್ಯವೇ ಇರಲಿಲ್ಲ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಎರಡನೇ ಪ್ರತಿಯನ್ನು ತಡೆಯುವುದಿಲ್ಲ. ಆಟ ಈಗಾಗಲೇ ಓಡುತ್ತಿದೆ, ಉಳಿಸಿಟ್ಟದ್ದು ಹಾಳಾಗಬಹುದು ಎಂದು ಆಟವನ್ನು ತೆರೆಯುವ ಲಾಂಚರ್ ಎಚ್ಚರಿಸುತ್ತದೆ, ಅಷ್ಟೇ. ಮಕ್ಕಳು ಅದನ್ನು ಓದದೆ ಒತ್ತಿ ಮುಂದೆ ಹೋಗುತ್ತಾರೆ.

ಆ ಎಚ್ಚರಿಕೆಯ ಅರ್ಥ ಈ ಮನೆಯಲ್ಲೇ ಕಾಣುತ್ತಿತ್ತು. ಅಕ್ಕ ಮೌಸಿನ ವೇಗ ಕಡಿಮೆ ಮಾಡಿಟ್ಟರೆ ಮರುದಿನ ಅದು ಮತ್ತೆ ಜಾಸ್ತಿ. ತಮ್ಮನೇ ಬೇಕೆಂದು ಮಾಡುತ್ತಾನೆಂದು ಅವನಿಗೆ ಪೆಟ್ಟೂ ಬಿದ್ದಿತ್ತು. ಅವನ ತಪ್ಪೇನೂ ಇಲ್ಲ. ಎರಡೂ ಪ್ರತಿಗಳು ಒಂದೇ ಫೋಲ್ಡರಿನಲ್ಲಿರುವ ಆಪ್ಷನ್ಸ್ ಎಂಬ ಒಂದೇ ಕಡತಕ್ಕೆ ಬರೆಯುತ್ತವೆ. ಕೊನೆಗೆ ಬರೆದವರ ಮಾತು ಉಳಿಯುತ್ತದೆ. ಲಾಂಚರಿನ ಇನ್‌ಸ್ಟಾಲೇಷನ್ಸ್ ಪುಟದಲ್ಲಿ ಇಬ್ಬರ ಹೆಸರಿನಲ್ಲೂ ಒಂದೊಂದು ನಮೂದು ಮಾಡಿ, ಗೇಮ್ ಡೈರೆಕ್ಟರಿ ಎಂಬಲ್ಲಿ ಬೇರೆ ಬೇರೆ ಫೋಲ್ಡರ್ ತೋರಿಸಿದೆ. ಆ ಜಗಳ ಅಲ್ಲಿಗೆ ಮುಗಿಯಿತು. ಖಾತೆ ಮಾತ್ರ ತಲೆಗೊಂದು ಬೇಕೇ ಬೇಕು. ಒಂದೇ ಖಾತೆಯಿಂದ ಎರಡನೇ ಸಲ ಅದೇ ಸರ್ವರಿಗೆ ಹೋದರೆ ಮೊದಲು ಕೂತವರು ಹೊರಬೀಳುತ್ತಾರೆ.

ಒಬ್ಬರೇ ಎರಡು ಕಿಟಕಿ ಓಡಿಸುವವರಿಗೂ ಇಷ್ಟು ಸಾಕು. ಎಫ್3 ಮತ್ತು ಪಿ ಒಟ್ಟಿಗೆ ಒತ್ತಿದರೆ ಹಿಂದೆ ಸರಿದ ಕಿಟಕಿ ತಾನಾಗಿ ನಿಲ್ಲುವುದು ತಪ್ಪುತ್ತದೆ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ, 30ಕ್ಕೆ ಕಟ್ಟಿಹಾಕಿ. ಬೇರೆ ಆಟವಾದರೆ ಅದರ ನಿಯಮ ಓದಿಕೊಳ್ಳಿ: ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಎರಡು ಖಾತೆ ತೆರೆದಿಡುವುದಕ್ಕೆ ಅಡ್ಡಿಯಿಲ್ಲ, ಆದರೆ ಒಂದು ಕೀಲಿಯನ್ನು ಎಲ್ಲ ಕಿಟಕಿಗಳಿಗೂ ಹಂಚುವ ಸಾಫ್ಟ್‌ವೇರನ್ನು 2020ರ ನವೆಂಬರಿನಲ್ಲಿ ನಿಷೇಧಿಸಿದರು.

ಇನ್ನು ಮೆಮೊರಿ. ಈ ಕಂಪ್ಯೂಟರಿನದು 8 ಜಿಬಿ, ಅದೂ ಒಂದೇ ಕಡ್ಡಿ. ಎರಡು ಕಿಟಕಿ ತೆರೆದು ಟಾಸ್ಕ್ ಮ್ಯಾನೇಜರ್ ನೋಡಿದರೆ 93% ತುಂಬಿತ್ತು. ಇನ್ನೊಂದು 8 ಜಿಬಿ ಕಡ್ಡಿ ಹಾಕಿದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿಗೆ ಎರಡು ಕಡ್ಡಿ ಜೋಡಿಯಾಗಿರುವುದೇ ಒಂದು ಬಲ, ಏಕೆಂದರೆ ಚಿತ್ರ ಬಿಡಿಸುವ ಚಿಪ್ಪೂ ಅದೇ ಮೆಮೊರಿಯಿಂದ ಉಣ್ಣುತ್ತದೆ.

ಆದರೂ ಆಯಿಯ ಪ್ರಶ್ನೆ ಹಾಗೇ ಉಳಿಯಿತು. ಇಬ್ಬರೂ ಒಟ್ಟಿಗೆ ಆಡಬೇಕಲ್ಲ? ವಿಂಡೋಸ್ ಬದಲು ಬಳಸುವ ಲಿನಕ್ಸ್‌ನಲ್ಲಿ ಮಲ್ಟಿಸೀಟ್ ಎಂಬ ವ್ಯವಸ್ಥೆಯಿದೆ. ಒಂದೇ ಡಬ್ಬಕ್ಕೆ ಎರಡು ಮಾನಿಟರ್, ಎರಡು ಕೀಬೋರ್ಡ್ ಹಂಚಿ ಇಬ್ಬರನ್ನು ಕೂರಿಸಬಹುದು. ನೆಟ್ಟಗೆ ನಡೆಯಲು ಸಾಮಾನ್ಯವಾಗಿ ಎರಡು ಗ್ರಾಫಿಕ್ಸ್ ಕಾರ್ಡ್ ಬೇಕು. ಆ ಖರ್ಚನ್ನು ನಾನು ಯಾವ ಮನೆಗೂ ಹೇಳುವುದಿಲ್ಲ. “ಹಳೇದು ಯಾವುದಾದ್ರೂ ಇದ್ದಾ?” ಎಂದೆ. ಕೊರೊನಾ ವರ್ಷದ ಆನ್‌ಲೈನ್ ಕ್ಲಾಸಿನ ಲ್ಯಾಪ್‌ಟಾಪ್ ಅಟ್ಟದಿಂದ ಇಳಿಯಿತು. ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಕೂರಿಸಿದೆ.

ಎರಡರಲ್ಲೂ ಮೈನ್‌ಕ್ರಾಫ್ಟ್‌ನಂಥದೇ ಆಟಗಳನ್ನು ಆಡಿಸುವ ಲುವಾಂಟಿ ಹಾಕಿಕೊಟ್ಟೆ. 2024ರವರೆಗೆ ಇದರ ಹೆಸರು ಮೈನ್‌ಟೆಸ್ಟ್. ಮುಕ್ತ ತಂತ್ರಾಂಶ, ದುಡ್ಡಿಲ್ಲ, ಖಾತೆ ಕೊಳ್ಳಬೇಕಿಲ್ಲ. ಅಕ್ಕನ ಕಂಪ್ಯೂಟರ್ ಆಟವನ್ನು ನಡೆಸುತ್ತದೆ, ತಮ್ಮ ಆ ಕಂಪ್ಯೂಟರಿನ ಐಪಿ ವಿಳಾಸ ಹಾಕಿ, 30000 ಎಂಬ ಪೋರ್ಟಿನಲ್ಲಿ ಸೇರುತ್ತಾನೆ. ಮೊದಲ ಸಲ ಫೈರ್‌ವಾಲ್ ಕೇಳಿದಾಗ ಪ್ರೈವೇಟ್ ನೆಟ್‌ವರ್ಕ್ ಮಾತ್ರ ಒಪ್ಪಿದೆವು. ನಮ್ಮ ಮಳೆಗಾಲದಲ್ಲಿ ಮರ ಬಿದ್ದು ನೆಟ್ಟು ಎರಡು ದಿನ ಹೋದರೂ ಮನೆಯೊಳಗಿನ ವೈಫೈ ಪೆಟ್ಟಿಗೆಗೆ ಕರೆಂಟಿದ್ದರೆ ಇವರ ಆಟ ನಡೆಯುತ್ತದೆ. ಈ ಸೀಮೆಗೆ ಇದೇ ಸರಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಸತ್ತಿತ್ತು. ಆಯಿ ತಂದ ಎರಡನೇ ಮೌಸನ್ನು ಅದಕ್ಕೆ ಚುಚ್ಚಿದೆ.